ಕಾರಿನ ಹಾಡಿನ ಡಬ್ಬಿ

ಅಕ್ಕೋರೆ, ತಮ್ಮನ ಹಳೇ ಸ್ಪೋರ್ಟ್ಸ್ ಕಾರಿನ ಕಂಪನಿ ಸ್ಟೀರಿಯೋ ತಗದು ಟಚ್‌ಸ್ಕ್ರೀನ್ ಹಾಕಸ್ಬೇಕಂತ ನಮ್ಮನ್ಯಾಗ ಮಾತು ನಡದದ. ಕಾರಿಗಿ ಹಾಡು ಕೂಡ್ಸೋದು ಹಳೇದೇ ಕಥಿ.

1930ರಾಗ ಅಮೆರಿಕದ ಗ್ಯಾಲ್ವಿನ್ ಅಣ್ಣತಮ್ಮರು ಕಾರಿನ ರೇಡಿಯೋ ಮಾಡಿ ಮೊಟೊರೋಲಾ ಅಂತ ಹೆಸರಿಟ್ರು. 1966ರಾಗ ಕಲಬುರ್ಗಿ ಆಕಾಶವಾಣಿ ಸುರು ಆತು; ಆವಾಗ ರೇಡಿಯೋ ಇಡ್ಲಾಕ ಪೋಸ್ಟಿನಾಗ ಲೈಸೆನ್ಸಿನ ರೊಕ್ಕ ಕಟ್ಟಬೇಕಿತ್ತು. ಮುಂದ ಜರ್ಮನಿಯವರು ಡಬ್ಬಿ ಅಳತಿ 18 ಸೆಂಟಿಮೀಟರ್ ಅಗಲ, 5 ಎತ್ತರ ಅಂತ ಗೊತ್ತು ಮಾಡಿದ್ರು. ಅದಕ್ಕೇ ಒಂದು ತಗದು ಇನ್ನೊಂದು ಕೂಡಸ್ಲಾಕ ಬರ್ತದ.

ದಾರಿ ತೋರ್ಸೋ ಹಳೇ ಡಬ್ಬಿದಾಗ ನಕಾಶಿ ಡಿವಿಡಿಮ್ಯಾಲ ಇರ್ತಿತ್ತು, ಹೊಸಾ ರಸ್ತಾ ಅದಕ್ಕ ಗೊತ್ತಾಗಲ್ಲ. ಅದು ಹೋದ್ರ ಹೋಗ್ಲಿ. ಆದ್ರ ನಾವು ಮೀಡಿಯಂ ವೇವ್ 1107ರಾಗ ನಮ್ಮೂರ ಆಕಾಶವಾಣಿ ಕೇಳಿ ಬೆಳದವರು. ಹೊಸಾ ಡಬ್ಬಿ ಎಷ್ಟೋ ಬರೇ ಎಫ್‌ಎಂ. ಕೊಳ್ಳೋ ಮೊದಲ ಎಎಂ ಅದನೋ ಇಲ್ಲೋ ಕೇಳ್ರಿ.