ಕೋವಿಯಿಂದ ದುರ್ಬೀನಿಗೆ

ಹಕ್ಕಿ ತೋರಿಸಲೆಂದು ಹತ್ತಾರು ಮಕ್ಕಳನ್ನು ಕರೆದುಕೊಂಡು ಹೊರಟ ಮಾಸ್ತರರ ಹಿಂದೆ ನಾನೂ ರಾಮದುರ್ಗದ ಮಲಪ್ರಭೆಯ ದಂಡೆ ಹಿಡಿದೆ. ಅವರ ಕೊರಳಲ್ಲಿ ದುರ್ಬೀನು ತೂಗುತ್ತಿತ್ತು. ದಖ್ಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ ಪ್ರಕಟಿಸಿದ ಸೇನಾಧಿಕಾರಿ ಬಟ್ಲರನ ಕಾಲದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಬಹುಮಟ್ಟಿಗೆ ಹೊಡೆದು ಕೆಡಹುವುದೇ! ಕೋವಿ ಹೋಗಿ ದುರ್ಬೀನು ಬಂದುದು ಸಣ್ಣ ಮಾತಲ್ಲ. ಆದರೆ ಅಷ್ಟರಲ್ಲಿ ಈ ಸೀಮೆಯ ಎರೆಹೊಲಗಳಿಂದ ಮೂರಡಿ ಎತ್ತರದ ಎರೆಭೂತ ಮರೆಯಾಗಿತ್ತು. ಬೇಟೆ ಒಂದು ಕಾರಣ. ಹುಲ್ಲುಗಾವಲು ಉಳುಮೆಗೆ ಹೋದುದು ಇನ್ನೊಂದು.

“ಆ ಹಕ್ಕಿ ಈಗ ಎಲ್ಲೈತ್ರಿ ಸರ?” ಎಂದಳು ಒಬ್ಬ ಹುಡುಗಿ. ಮಾಸ್ತರರು ಸುಮ್ಮನಾದರು.

ಸವದತ್ತಿಯ ಬಳಿಯ ನವಿಲುತೀರ್ಥಕ್ಕೆ ಹೆಸರಾದ ಹಕ್ಕಿ 1963ರಲ್ಲಿ ರಾಷ್ಟ್ರಪಕ್ಷಿಯಾಯಿತು. ಎರೆಭೂತದ ಪಾಲಿಗೆ ಇಲ್ಲಿ ಉಳಿದದ್ದು ಹೆಸರೊಂದೇ. ಅದನ್ನಾದರೂ ಮಕ್ಕಳು ತಮ್ಮ ವಹಿಗಳಲ್ಲಿ ಬರೆದುಕೊಂಡರು.