ಜುಕಿನಿ ರೊಟ್ಟಿಯ ಪೂರ್ವಕಥೆ

(ಬಾನುಲಿ ಭಾಷಣ)

ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳಿಗೆ ಅಧ್ಯಾಯಗಳಿರುತ್ತವೆ, ಒಪ್ಪಂದಗಳಿಗೆ ತಾರೀಖುಗಳಿರುತ್ತವೆ. ಅಡುಗೆಯ ಮನೆಗೆ ಮಾತ್ರ ಅಲ್ಲಿ ಅಡಿಟಿಪ್ಪಣಿಯಷ್ಟು ಸ್ಥಳವೂ ದೊರೆಯುವುದು ಅಪೂರ್ವ. ಆದರೂ ಒಂದು ಜನ ಯಾರ ನೆಲದಲ್ಲಿ ನೆಲೆಸಿತು, ಯಾರಿಂದ ಏನನ್ನು ಕಲಿತಿತು, ಯಾವುದನ್ನು ಉಳಿಸಿಕೊಂಡು ಯಾವುದನ್ನು ಮರೆಯಿತು ಎಂಬುದನ್ನು ತಿಳಿಯಬೇಕಾದರೆ ಅವರ ಊಟದ ತಟ್ಟೆಯನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಗೃಹಿಣಿಯರು ಮನೆಯಲ್ಲಿಯೇ ಬೇಯಿಸುವ ಒಂದು ಸಾಮಾನ್ಯ ತಿನಿಸನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಅದರ ಹೆಸರು ಜುಕಿನಿ ಬ್ರೆಡ್. ಹೆಸರಿಗೆ ಬ್ರೆಡ್ಡಾದರೂ ರುಚಿಯಲ್ಲಿ ಅದು ಕೇಕಿನ ಬಂಧು. ಸಿಹಿಯಾದದ್ದು, ಮೆತ್ತನೆಯದು, ಮುಟ್ಟಿದರೆ ಕೈಗೆ ತೇವ ಹತ್ತುವಂಥದು.

ಜುಕಿನಿ ಎಂಬುದು ನಮ್ಮ ಎಳೆಯ ಸೌತೆಯನ್ನು ಹೋಲುವ ಹಸಿರು ಕಾಯಿ. ಆದರೆ ಕುಲದಿಂದ ಅದು ಸೌತೆಯಲ್ಲ, ಕುಂಬಳ. ಇದರ ಮೂಲಸ್ಥಾನ ಮೆಕ್ಸಿಕೋ. ಅಲ್ಲಿನ ವಹಾಕ ಪ್ರಾಂತದ ಗಿಲಾ ನಾಕಿಟ್ಸ್ ಎಂಬ ಗುಹೆಯನ್ನು ೧೯೬೬ರಲ್ಲಿ ಅಗೆದಾಗ ದೊರೆತ ಬೀಜಗಳನ್ನು ಮುಂದೆ, ೧೯೯೭ರಲ್ಲಿ, ಮತ್ತೆ ಪರೀಕ್ಷಿಸಿದರು. ಮನುಷ್ಯ ಈ ಕುಂಬಳವನ್ನು ಬೆಳೆಯತೊಡಗಿ ಸುಮಾರು ಹತ್ತು ಸಾವಿರ ವರ್ಷಗಳಾದುವೆಂದು ಆಗ ತಿಳಿದುಬಂತು. ಆ ಖಂಡದಲ್ಲಿ ಮುಸುಕಿನ ಜೋಳಕ್ಕಿಂತಲೂ ಇದು ಹಳೆಯ ಬೆಳೆ. ಮೂಲನಿವಾಸಿಗಳು ಜೋಳ, ಹುರುಳಿಕಾಯಿಯ ಬಳ್ಳಿ, ಕುಂಬಳ ಈ ಮೂರನ್ನೂ ಒಂದೇ ಗುಣಿಯಲ್ಲಿ ಬೆಳೆದು ‘ಮೂವರು ಅಕ್ಕತಂಗಿಯರು’ ಎಂದು ಕರೆದರು. ಜೋಳದ ದಂಟು ಬಳ್ಳಿಗೆ ಆಸರೆ. ಬಳ್ಳಿಯ ಬೇರು ನೆಲಕ್ಕೆ ಸತ್ತ್ವ. ಕುಂಬಳದ ಅಗಲವಾದ ಎಲೆ ನೆಲದ ತೇವಕ್ಕೆ ಹೊದಿಕೆ. ಅಕ್ಕಡಿ ಸಾಲನ್ನು ಬಲ್ಲ ನಮ್ಮ ರೈತರಿಗೆ ಈ ಜಾಣತನವನ್ನು ವಿವರಿಸಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಈ ಕುಲದ ಕಾಯಿಗಳಿಗೆ ‘ಸ್ಕ್ವಾಶ್’ ಎನ್ನುತ್ತಾರೆ. ಅದು ಇಂಗ್ಲಿಷ್ ಮಾತಲ್ಲ. ಇಂದಿನ ರೋಡ್ ಐಲೆಂಡ್ ಪ್ರದೇಶದ ನರಗಾನ್ಸೆಟ್ ಜನರ ‘ಅಸ್ಕುಟಾಸ್ಕ್ವಾಶ್’ ಎಂಬ ಮಾತಿನ ಬಾಲ. ಹಸಿಯಾಗಿಯೇ ತಿನ್ನತಕ್ಕದ್ದು ಎಂದು ಅದರ ಅರ್ಥ. ರಾಜರ್ ವಿಲಿಯಮ್ಸ್ ಎಂಬ ಪಾದ್ರಿ ಆ ಜನರ ನುಡಿಯನ್ನು ಕಲಿತು ೧೬೪೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಬ್ದವನ್ನು ದಾಖಲಿಸಿದ. ಮೂವತ್ತೆರಡು ವರ್ಷಗಳ ಬಳಿಕ, ೧೬೭೫ರ ಡಿಸೆಂಬರಿನ ಚಳಿಯಲ್ಲಿ, ವಸಾಹತುಗಾರರ ಸೈನ್ಯ ಜೌಗಿನ ನಡುವಣ ನರಗಾನ್ಸೆಟ್ ಕೋಟೆಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದಿತು; ಚಳಿಗಾಲಕ್ಕೆಂದು ಕೂಡಿಟ್ಟ ಆಹಾರವನ್ನು ಸುಟ್ಟಿತು. ಮರುವರ್ಷ ನಡೆದ ಪ್ರತಿದಾಳಿಯಲ್ಲಿ ವಿಲಿಯಮ್ಸನ ಊರೇ ಬೆಂಕಿಗೆ ಆಹುತಿಯಾಯಿತು. ಆ ಜನರ ಅಧಿಕಾರ ಮುರಿಯಿತು, ನೆಲ ಕೈಬಿಟ್ಟಿತು. ಅವರು ಇಟ್ಟ ಹೆಸರು ಮಾತ್ರ, ಅರ್ಧ ಕಡಿದುಹೋಗಿ, ಗೆದ್ದವರ ಸಂತೆಯಲ್ಲಿ ಇಂದಿಗೂ ಓಡಾಡುತ್ತಿದೆ.

೧೪೯೨ರ ಅನಂತರ ಈ ಕುಂಬಳದ ಬೀಜಗಳು ಯೂರೋಪಿಗೆ ಹೋದುವು. ಜರ್ಮನಿಯ ವೈದ್ಯ ಫುಕ್ಸ್ ೧೫೪೨ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಅದರ ಚಿತ್ರವಿದೆ. ಇಟಲಿಯ ತೋಟಗಾರರು ಅದನ್ನು ಎಳೆಯದಾಗಿಯೇ ಕೊಯ್ದು ತಿನ್ನುವುದನ್ನು ರೂಢಿಸಿಕೊಂಡು, ತಲೆಮಾರುಗಳ ಕಾಲ ಬೀಜವನ್ನು ಆರಿಸುತ್ತ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಮಿಲಾನ್ ನಗರದ ಸುತ್ತಮುತ್ತ ಈಗಿನ ಉದ್ದನೆಯ ಹಸಿರು ಜಾತಿ ರೂಪುಗೊಂಡಿತು. ಅವರ ನುಡಿಯಲ್ಲಿ ‘ಜುಕ್ಕ’ ಎಂದರೆ ಕುಂಬಳ. ‘ಜುಕಿನಿ’ ಎಂದರೆ ಪುಟ್ಟ ಕುಂಬಳಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಟಲಿಯಿಂದ ವಲಸೆ ಬಂದವರ ಮೂಲಕ ಇದು ಅಮೆರಿಕಕ್ಕೆ, ಮುಖ್ಯವಾಗಿ ಕ್ಯಾಲಿಫೋರ್ನಿಯಕ್ಕೆ, ಬಂತು. ಬಂತು ಎನ್ನುವುದಕ್ಕಿಂತ ತೌರಿಗೆ ಮರಳಿತು ಎನ್ನುವುದು ಸರಿ. ಆದರೆ ತೌರಿನಲ್ಲಿ ಅದರ ಗುರುತು ಹಿಡಿಯುವವರು ಇರಲಿಲ್ಲ. ಇಟಲಿಯ ತರಕಾರಿ ಎಂದೇ ಅದನ್ನು ಬರಮಾಡಿಕೊಂಡರು. ಸಾಗರದಾಚೆಯಿಂದ ಬಂದ ಸಿಹಿಗುಂಬಳವನ್ನು ನಾವು ಕೆಲವು ಕಡೆ ಚೀನೀಕಾಯಿ ಎಂದು ಕರೆಯುವುದಿಲ್ಲವೆ? ಹೆಸರುಗಳು ಹೀಗೆ ದಾರಿ ತಪ್ಪುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಇದು ಕಾಯಿಯ ಕಥೆ. ಇನ್ನು ರೊಟ್ಟಿ ಉಬ್ಬಿದ ಕಥೆ. ಹಳೆಯ ಬ್ರೆಡ್ಡಿಗೆ ಹುದುಗು ಬೇಕು, ಹುದುಗಿಗೆ ಹೊತ್ತು ಬೇಕು. ಕಾಡು ಕಡಿದು ಹೊಲ ಮಾಡುತ್ತಿದ್ದ ಅಮೆರಿಕದ ಮನೆಗಳಲ್ಲಿ ಹೊತ್ತಿಗೆ ಬಡತನವಿತ್ತು, ಬೂದಿಗೆ ಬಡತನವಿರಲಿಲ್ಲ. ಬೂದಿಯನ್ನು ನೀರಿನಲ್ಲಿ ಕಲಸಿ, ಬಸಿದು, ಕುದಿಸಿ, ಶುದ್ಧಿಮಾಡಿದರೆ ಬಿಳಿಯ ಕ್ಷಾರವೊಂದು ದೊರೆಯುತ್ತದೆ. ಹುಳಿಯೊಡನೆ ಸೇರಿದಾಗ ಅದು ನೊರೆಯೆದ್ದು ಹಿಟ್ಟನ್ನು ಉಬ್ಬಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳು ೧೭೯೦ರಲ್ಲಿ ನೀಡಿದ ಮೊತ್ತಮೊದಲ ಪೇಟೆಂಟು ಈ ಕ್ಷಾರವನ್ನು ತಯಾರಿಸುವ ವಿಧಾನಕ್ಕೇ ಸಂದದ್ದು. ಪಡೆದವನು ಸ್ಯಾಮ್ಯುಅಲ್ ಹಾಪ್ಕಿನ್ಸ್. ಪತ್ರಕ್ಕೆ ರುಜು ಹಾಕಿದವನು ಅಧ್ಯಕ್ಷ ವಾಷಿಂಗ್ಟನ್. ಹಪ್ಪಳದ ಹಿಟ್ಟಿಗೆ ಕ್ಷಾರ ಬೆರೆಸುವ ನಮ್ಮ ಮನೆಗಳಿಗೆ ಈ ವಸ್ತು ಅಪರಿಚಿತವೇನೂ ಅಲ್ಲ.

ಆರು ವರ್ಷಗಳ ಬಳಿಕ, ೧೭೯೬ರಲ್ಲಿ, ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ‘ಅಮೆರಿಕನ್ ಕುಕರಿ’ ಎಂಬ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಅಮೆರಿಕದವರೇ ಬರೆದು ಅಲ್ಲಿಯೇ ಮುದ್ರಿಸಿದ ಮೊದಲ ಪಾಕಗ್ರಂಥವೆಂದು ಅದು ಪ್ರಸಿದ್ಧ. ಬರೆದವಳು ಅಮೀಲಿಯ ಸಿಮನ್ಸ್. ಮುಖಪುಟದಲ್ಲಿ ಆಕೆ ತನ್ನನ್ನು ‘ಒಬ್ಬ ಅಮೆರಿಕನ್ ಅನಾಥೆ’ ಎಂದು ಪರಿಚಯಿಸಿಕೊಂಡಿದ್ದಾಳೆ. ಅಚ್ಚಿಗೆ ಸಿದ್ಧಪಡಿಸುವಷ್ಟು ವಿದ್ಯೆ ತನಗಿಲ್ಲದ್ದರಿಂದ ಬೇರೊಬ್ಬರ ಕೈಗೆ ಕೊಡಬೇಕಾಯಿತೆಂದೂ, ಅವರಿಂದ ಪುಸ್ತಕ ಕೆಟ್ಟಿತೆಂದೂ ಆಕೆ ಬಳಿಕ ಸೇರಿಸಿದ ಒಕ್ಕಣೆಯೊಂದರಲ್ಲಿ ದೂರಿದಳು. ಆ ಪುಸ್ತಕದಲ್ಲಿ ಕುಂಬಳದ ಪಾಕಗಳಿವೆ. ಬೂದಿಯ ಕ್ಷಾರದಿಂದ ಉಬ್ಬಿಸಿದ ಕೇಕುಗಳೂ ಇವೆ. ಎರಡೂ ಒಂದೇ ಪಾತ್ರೆಗೆ ಬೀಳಲು ಇನ್ನೂ ಬಹಳ ಕಾಲ ಹಿಡಿಯಿತು. ಆದರೆ ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟುಕೊಟ್ಟವಳು ಈ ಅನಾಥೆ. ಸಾಹಿತ್ಯಚರಿತ್ರೆಕಾರರು ಆ ರಾಷ್ಟ್ರದ ಆದಿಲೇಖಕರನ್ನು ಎಣಿಸುವಾಗ ಈಕೆಯ ಹೆಸರನ್ನು ಬಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಮುಂದಿನ ಹೆಜ್ಜೆ ರಸಾಯನಶಾಸ್ತ್ರದ್ದು. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ತನ್ನ ಹೆಂಡತಿಗೆ ಹುದುಗು ಒಗ್ಗದೆಂಬ ಕಾರಣಕ್ಕೆ ೧೮೪೩ರಲ್ಲಿ ಬೇಕಿಂಗ್ ಪೌಡರನ್ನು ಕಂಡುಹಿಡಿದ. ೧೮೪೬ರಲ್ಲಿ ಡ್ವೈಟ್ ಮತ್ತು ಚರ್ಚ್ ಎಂಬ ಇಬ್ಬರು ಅಮೆರಿಕದಲ್ಲಿ ಅಡಿಗೆ ಸೋಡವನ್ನು ಪೊಟ್ಟಣಗಟ್ಟಿ ಮಾರತೊಡಗಿದರು. ಹಾರ್ವರ್ಡಿನ ಪ್ರಾಧ್ಯಾಪಕ ಹಾರ್ಸ್‌ಫರ್ಡ್ ೧೮೫೬ರಲ್ಲಿ ಹುಳಿಯ ಅಂಶವನ್ನೂ ಪುಡಿಯ ರೂಪದಲ್ಲಿಯೇ ಒದಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಬ್ರೆಡ್ ಮಾಡುವುದು ಒಂದು ರಾತ್ರಿಯ ಕೆಲಸವಾಗಿ ಉಳಿಯದೆ ಒಂದು ಗಂಟೆಯ ಕೆಲಸವಾಯಿತು. ಇಂಥವುಗಳಿಗೆ ಅಲ್ಲಿ ‘ಕ್ವಿಕ್ ಬ್ರೆಡ್’ ಎಂದೇ ಹೆಸರು. ಅವಸರದ ರೊಟ್ಟಿ ಎನ್ನೋಣ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬಾಳೆಹಣ್ಣಿನ ಬ್ರೆಡ್ಡು ಮನೆಮನೆಗೂ ಹರಡಿತು. ಕಪ್ಪಾದ ಹಣ್ಣನ್ನೂ ಎಸೆಯಬಾರದೆಂಬ ಕಾಲ ಅದು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರದ ಕರೆಯಂತೆ ಸುಮಾರು ಎರಡು ಕೋಟಿ ಹಿತ್ತಿಲು ತೋಟಗಳು ಅಲ್ಲಿ ಎದ್ದುವೆಂದು ಅಂದಾಜು. ಯುದ್ಧ ಮುಗಿದ ಮೇಲೆ ಇನ್ನೊಂದು ಉಪಾಯವೂ ಸೇರಿಕೊಂಡಿತು. ವಿಮೆಯ ಏಜೆಂಟನಾಗಿದ್ದ ಹ್ಯಾರಿ ಬೇಕರ್ ಎಂಬಾತ ಲಾಸ್ ಏಂಜಲೀಸಿನಲ್ಲಿ ೧೯೨೭ರಲ್ಲಿ ಕಂಡುಕೊಂಡು ಗುಟ್ಟಾಗಿಟ್ಟಿದ್ದ ಶಿಫಾನ್ ಕೇಕು ೧೯೪೮ರಲ್ಲಿ ಬಯಲಾಯಿತು. ಬೆಣ್ಣೆಯ ಬದಲು ಎಣ್ಣೆಯನ್ನು ಹಾಕುವುದೇ ಅದರ ಗುಟ್ಟು.

ಹೀಗೆ ಕಾಯಿ, ಸೋಡ, ಎಣ್ಣೆ ಮೂರೂ ಸಿದ್ಧವಾಗಿದ್ದುವು. ಅವುಗಳನ್ನು ಕೂಡಿಸಿದ್ದು ೧೯೭೦ರ ದಶಕ. ೧೯೭೦ರ ಏಪ್ರಿಲಿನಲ್ಲಿ ಮೊದಲ ಭೂದಿನ ನಡೆಯಿತು. ೧೯೭೩ರಲ್ಲಿ ತೈಲದ ಬಿಕ್ಕಟ್ಟು ಬಂದು ಬೆಲೆಗಳು ಏರಿದುವು. ತರುಣರು ನೆಲಕ್ಕೆ ಮರಳುವ ಮಾತಾಡಿದರು, ಹಿರಿಯರು ಹಿತ್ತಿಲನ್ನು ಮತ್ತೆ ಅಗೆದರು. ಹಿತ್ತಿಲಿನಲ್ಲಿ ಜುಕಿನಿಯಷ್ಟು ಉದಾರವಾದ ಗಿಡ ಇನ್ನೊಂದಿಲ್ಲ. ಬಿತ್ತಿದ ಐವತ್ತು ದಿನಗಳ ಆಸುಪಾಸಿನಲ್ಲಿ ಕಾಯಿ ಬಿಡುತ್ತದೆ. ಗೇಣುದ್ದದ್ದನ್ನು ಎರಡು ಮೂರು ದಿನ ಕೊಯ್ಯದೆ ಬಿಟ್ಟರೆ ಮೊಳದುದ್ದವಾಗುತ್ತದೆ. ನೆರೆಹೊರೆಗೆ ಹಂಚಿಯೂ ಮುಗಿಯದು. ಅಮೆರಿಕದ ಲೇಖಕಿ ಬಾರ್ಬರ ಕಿಂಗ್‌ಸಾಲ್ವರ್ ೨೦೦೭ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬಗೆಗೊಂದು ವಿನೋದವಿದೆ. ತಮ್ಮ ಹಳ್ಳಿಯ ಜನ ಕಾರಿಗೆ ಬೀಗ ಹಾಕುವುದು ಜುಕಿನಿಯ ಕಾಲದಲ್ಲಿ ಮಾತ್ರ, ಇಲ್ಲವಾದರೆ ಯಾರಾದರೂ ಒಳಗೆ ಒಂದು ಚೀಲ ಕಾಯಿ ಇಟ್ಟು ಹೋದಾರೆಂಬ ಭಯ ಎಂದು. ಪಲ್ಯಕ್ಕೆ ಬಾರದಷ್ಟು ಬಲಿತ ಕಾಯಿಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಗೃಹಿಣಿಯರು ಕಂಡುಕೊಂಡ ಉತ್ತರವೇ ಈ ರೊಟ್ಟಿ.

ಅದರ ಅಳತೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಮೂರು ಬಟ್ಟಲು ಮೈದಾ, ಎರಡು ಬಟ್ಟಲು ತುರಿದ ಜುಕಿನಿ, ಎರಡು ಬಟ್ಟಲು ಸಕ್ಕರೆ, ಒಂದು ಬಟ್ಟಲು ಎಣ್ಣೆ, ಮೂರು ಮೊಟ್ಟೆ. ಒಂದೊಂದು ಟೀ ಚಮಚ ಸೋಡ ಮತ್ತು ಉಪ್ಪು, ಕಾಲು ಚಮಚ ಬೇಕಿಂಗ್ ಪೌಡರು. ದಾಲ್ಚಿನ್ನಿ, ವೆನಿಲ, ಒಂದು ಹಿಡಿ ಆಕ್ರೋಟು. ಇಷ್ಟಕ್ಕೆ ಎರಡು ಬ್ರೆಡ್ಡು. ಸುಮಾರು ೧೭೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆ ಬೇಯಬೇಕು. ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟು ಅಂಟಬಾರದು. ತೇವ ನಿಲ್ಲುವ ಮರ್ಮ ಸರಳವಾದದ್ದು. ಜುಕಿನಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲಿನಷ್ಟು ನೀರೇ ಇದೆ. ಆ ನೀರು ತುರಿಯ ಎಳೆಗಳಲ್ಲಿ ಅಡಗಿದ್ದು ಬೇಯುವಾಗ ಮೆಲ್ಲಮೆಲ್ಲಗೆ ಹೊರಬರುತ್ತದೆ. ತಣ್ಣಗಾದಾಗ ಬೆಣ್ಣೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಸಕ್ಕರೆ ನೀರನ್ನು ಬಿಡದೆ ಹಿಡಿದಿಡುತ್ತದೆ. ಆದ್ದರಿಂದಲೇ ಈ ರೊಟ್ಟಿ ಮರುದಿನ ಇನ್ನೂ ಚೆನ್ನ. ಕೈ ಮಾತ್ರ ಬಿಗಿಹಿಡಿಯಬೇಕು. ಹಿಟ್ಟು ನೆನೆದೊಡನೆ ಕಲಸುವುದನ್ನು ನಿಲ್ಲಿಸದಿದ್ದರೆ ಜಿಗುಟೆದ್ದು ರೊಟ್ಟಿ ಬಿರುಸಾಗುತ್ತದೆ. ಕಾಯಿ ಬಲಿತಿದ್ದರೆ ತಿರುಳಿನ ಬೀಜ ತೆಗೆಯಬೇಕು. ನೀರು ತೀರ ಹೆಚ್ಚಾಗಿದ್ದರೆ ಮೆಲ್ಲಗೆ ಹಿಂಡಬೇಕು. ತುರಿಯುವ ಮುನ್ನ ಒಂದು ಚೂರನ್ನು ನಾಲಗೆಗೆ ಹಚ್ಚಿ ನೋಡುವುದೂ ವಿವೇಕ. ಕಹಿಯಾದ ಕಾಯಿಯಲ್ಲಿರುವ ವಿಷಾಂಶ ಬೇಯಿಸಿದರೂ ಹೋಗುವುದಿಲ್ಲ.

ಈ ಪಟ್ಟಿಯಲ್ಲಿ ವೆನಿಲದ ಹೆಸರು ಬಂತು. ಅದೂ ಮೆಕ್ಸಿಕೋ ಮೂಲದ್ದೇ. ಹೊರದೇಶಗಳಲ್ಲಿ ಬಳ್ಳಿ ಹಬ್ಬಿದರೂ ಕಾಯಿ ಕಟ್ಟುತ್ತಿರಲಿಲ್ಲ. ೧೮೪೧ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಕಡ್ಡಿಯಿಂದಲೂ ಹೆಬ್ಬೆರಳಿನಿಂದಲೂ ಆ ಹೂವಿಗೆ ಪರಾಗ ಮುಟ್ಟಿಸುವ ಬಗೆಯನ್ನು ಕಂಡುಹಿಡಿದ. ತೋಟಗಳ ಒಡೆಯರು ಶ್ರೀಮಂತರಾದರು. ದಾಸ್ಯ ಕಳೆದ ಮೇಲೆ ಆಲ್ಬಿಯಸ್ ಎಂಬ ಮನೆತನದ ಹೆಸರು ದೊರೆತರೂ ಅವನು ೧೮೮೦ರಲ್ಲಿ ಬಡತನದಲ್ಲಿಯೇ ತೀರಿಕೊಂಡ.

ಕಾಯಿಯನ್ನು ಸಿಹಿಮಾಡಿ ಬೇಯಿಸುವ ಬುದ್ಧಿ ಅಮೆರಿಕದವರಿಗೆ ಮಾತ್ರ ಹೊಳೆದದ್ದೆಂದು ತಿಳಿಯಬೇಕಾಗಿಲ್ಲ. ನಮ್ಮ ಕರಾವಳಿಯ ಕೊಂಕಣಿಗರ ಮನೆಗಳಲ್ಲಿ ಸೌತೆಯ ತುರಿ, ರವೆ, ಬೆಲ್ಲ, ತೆಂಗಿನಕಾಯಿ ಸೇರಿಸಿ ತವಸಳಿ ಮಾಡುತ್ತಾರೆ. ಹಿಂದೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಅಲ್ಲಿಯೂ ಕಾಯಿಯ ನೀರೇ ಹಿಟ್ಟನ್ನು ನೆನೆಸುವ ನೀರು. ಬೂದುಗುಂಬಳದ ಕಾಶಿ ಹಲ್ವವನ್ನಂತೂ ಬಲ್ಲದವರಿಲ್ಲ. ಒಂದು ನಾಡು ಇನ್ನೊಂದರಿಂದ ಎರವಲು ಪಡೆಯದೆಯೇ ಒಂದೇ ಬಗೆಯ ತೊಡಕಿಗೆ ಒಂದೇ ಬಗೆಯ ಪರಿಹಾರವನ್ನು ಕಾಣುವುದುಂಟು. ಕಾಯಿ ಹೆಚ್ಚಾದಾಗ ಎಲ್ಲ ತಾಯಂದಿರೂ ಒಂದೇ ತೆರನಾಗಿ ಯೋಚಿಸುತ್ತಾರೆ.

ಜುಕಿನಿ ಬ್ರೆಡ್ಡನ್ನು ಮೊದಲು ಮಾಡಿದವಳು ಯಾರು? ಅವಳ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅಮೆರಿಕದಲ್ಲಿ ಚರ್ಚಿನ ಮಹಿಳಾ ಸಂಘಗಳು, ಊರಿನ ಮಂಡಲಿಗಳು ಧರ್ಮಕಾರ್ಯಕ್ಕೆ ಹಣ ಕೂಡಿಸಲೆಂದು ಪಾಕಪುಸ್ತಕಗಳನ್ನು ಅಚ್ಚು ಹಾಕಿಸುವ ಪದ್ಧತಿ ಅಂತರ್ಯುದ್ಧದ ಕಾಲದಿಂದ ಇದೆ. ೧೮೬೪ರಲ್ಲಿ ಫಿಲಡೆಲ್ಫಿಯದಲ್ಲಿ ಗಾಯಾಳು ಸೈನಿಕರ ನೆರವಿಗಾಗಿ ಮಾರಾಟವಾದ ಮರಿಯ ಮಾಸ್ ಎಂಬಾಕೆಯ ಪುಸ್ತಕ ಇವುಗಳಲ್ಲಿ ಮೊದಲನೆಯದೆನ್ನುತ್ತಾರೆ. ಇಂಥ ಪುಸ್ತಕಗಳಲ್ಲಿ, ಪತ್ರಗಳಲ್ಲಿ, ಬೇಲಿಯ ಮೇಲಿನ ಮಾತುಕತೆಯಲ್ಲಿ ಈ ಪಾಕ ಹರಡಿತು. ಒಬ್ಬಳು ಸಕ್ಕರೆ ತಗ್ಗಿಸಿದಳು, ಒಬ್ಬಳು ಅನಾನಸು ಸೇರಿಸಿದಳು. ಪಾಕ ಯಾರದೂ ಆಗದೆ ಎಲ್ಲರದೂ ಆಯಿತು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ನಮ್ಮ ತ್ರಿಪದಿಗಳ ಬಾಳೂ ಇದೇ. ಕಟ್ಟಿದವಳ ಹೆಸರು ಹೋಯಿತು, ಹಾಡು ನಿಂತಿತು.

ಹೆಸರು ಅಳಿಯುವುದರಲ್ಲಿ ಎರಡು ಬಗೆಯುಂಟು. ಹಂಚಿಕೊಳ್ಳುವ ಸಂತೋಷದಲ್ಲಿ ಹೆಸರು ತಾನಾಗಿ ಕರಗುವುದು ಒಂದು. ಬಲವಂತರು ಬಲಹೀನರ ಹೆಸರನ್ನು ಒರಸಿಹಾಕುವುದು ಇನ್ನೊಂದು. ಈ ರೊಟ್ಟಿಯಲ್ಲಿ ಎರಡೂ ಬೆರೆತಿವೆ. ಅನಾಮಿಕ ಗೃಹಿಣಿಗೆ ನಾವು ಸಲ್ಲಿಸಬೇಕಾದದ್ದು ಕೃತಜ್ಞತೆ. ನರಗಾನ್ಸೆಟ್ಟರಿಗೂ ರಿಯೂನಿಯನ್ನಿನ ಆ ಬಾಲಕನಿಗೂ ಸಲ್ಲಬೇಕಾದದ್ದು ಅದಕ್ಕಿಂತ ಹೆಚ್ಚಿನದು, ನ್ಯಾಯ. ನ್ಯಾಯ ಮಾಡುವ ಅಧಿಕಾರ ಚರಿತ್ರೆಕಾರನಿಗಿಲ್ಲ. ಯಾವ ಹೆಸರು ಹೇಗೆ ಅಳಿಯಿತೆಂಬುದನ್ನು ವಿಂಗಡಿಸಿ ಹೇಳುವ ಹೊಣೆ ಅವನದು. ಆ ಕೆಲಸಕ್ಕೆ ಶಾಸನಗಳಂತೆಯೇ ಅಡುಗೆಯ ಮನೆಯೂ ಆಧಾರವನ್ನು ಒದಗಿಸಬಲ್ಲುದು.