ಶಾಲೆಯ ಸುತ್ತ ಆಯುಧ, ಬೇಟೆ: ಕಾನೂನಿನ ಗೆರೆ ಎಲ್ಲಿದೆ?

ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ ಎನ್ನುತ್ತದೆ 2003ರ ತಂಬಾಕು ನಿಯಂತ್ರಣ ಕಾಯ್ದೆ. ಊರ ಶಾಲೆಯ ಗೋಡೆಯ ಮೇಲೆ ಈ ಮಾತು ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಮದ್ಯದಂಗಡಿಗೆ ರಾಜ್ಯದ ಅಬಕಾರಿ ನಿಯಮ 100 ಮೀಟರ್ ಅಂತರ ಹೇಳುತ್ತದೆ. ಹಾಗಾದರೆ ಬಂದೂಕು ಹಿಡಿದವನು ಶಾಲೆಯಿಂದ ಎಷ್ಟು ದೂರ ಇರಬೇಕು? ಬೇಟೆಯಾಡುವವನು ಎಷ್ಟು ದೂರ? ಇವೆರಡಕ್ಕೂ ನಮ್ಮ ಕಾನೂನಿನಲ್ಲಿ ಮೀಟರ್ ಲೆಕ್ಕ ಇಲ್ಲ. ಲೆಕ್ಕ ಇಲ್ಲ ಎಂದ ಮಾತ್ರಕ್ಕೆ ನಿರ್ಬಂಧ ಇಲ್ಲ ಎಂದಲ್ಲ. ಅದು ಬೇರೆ ಬೇರೆ ಕಾಯ್ದೆಗಳಲ್ಲಿ ಹಂಚಿಹೋಗಿದೆ.

ಧಾರವಾಡ ಜಿಲ್ಲೆಯಲ್ಲಿ ಈ ಪ್ರಶ್ನೆ ಹೆಚ್ಚು ತಟ್ಟುವುದು ಕಲಘಟಗಿಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎರೆಭೂಮಿಯ ಬಯಲು. ಕಲಘಟಗಿಯಾದರೋ ಮಲೆನಾಡಿನ ಸೆರಗು: ಆಚೆ ಹಳಿಯಾಳ, ಯಲ್ಲಾಪುರ, ಮುಂಡಗೋಡ. ಗೋವಿನಜೋಳ, ಭತ್ತ, ಕಬ್ಬಿನ ಹೊಲಕ್ಕೆ ಕಾಡುಹಂದಿ ಇಳಿಯುತ್ತದೆ, ಒಮ್ಮೊಮ್ಮೆ ಆನೆಯೂ ಬರುತ್ತದೆ. ಬೆಳೆ ಕಾಯಲೆಂದು ಬಂದೂಕಿನ ಲೈಸೆನ್ಸ್ ಪಡೆಯುವುದು ಇಂಥ ಸೀಮೆಯಲ್ಲೇ. ಹೊಲದ ಬದುವಿಗೆ ತಾಗಿಕೊಂಡೇ ಊರ ಶಾಲೆಯ ಮೈದಾನ ಇರುವುದೂ ಉಂಟು.

ಲೈಸೆನ್ಸಿನ ಷರತ್ತು

ದೇಶದಲ್ಲಿ ಬಂದೂಕನ್ನು ಆಳುವುದು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು. ಕಲಘಟಗಿಯ ರೈತನಿಗೆ ಲೈಸೆನ್ಸ್ ಕೊಡುವವರು ಧಾರವಾಡದ ಜಿಲ್ಲಾಧಿಕಾರಿ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ (ಮೊದಲು ಮೂರಕ್ಕೆ ಅವಕಾಶವಿತ್ತು), ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ.

ಶಾಲೆಯ ಮಾತು ಬರುವುದು ಕಾಯ್ದೆಯ ಮುಖ್ಯ ಕಲಮುಗಳಲ್ಲಿ ಅಲ್ಲ, ಲೈಸೆನ್ಸಿಗೆ ಲಗತ್ತಾದ ಷರತ್ತುಗಳಲ್ಲಿ. ಅಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಲೈಸೆನ್ಸಿನ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಅಥವಾ ಶಿಕ್ಷಣ ಸಂಸ್ಥೆಯ ಆವರಣದೊಳಕ್ಕೆ ಒಯ್ಯಬಾರದು ಎಂಬುದು ಅಲ್ಲಿನ ಒಂದು ಷರತ್ತು. ಓದದೆ ಸಹಿ ಹಾಕುವ ಕಾಗದಗಳಲ್ಲಿ ಇದೂ ಒಂದು. ಷರತ್ತು ಮೀರಿದರೆ ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಅಮಾನತ್ತಿಗೂ ರದ್ದತಿಗೂ ದಾರಿಯಿದೆ. ಲೈಸೆನ್ಸೇ ಇಲ್ಲದ ನಾಡಬಂದೂಕು ಸಿಕ್ಕರೆ ಮಾತು ಬೇರೆ: ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಜೈಲು.

ಶಾಲೆಯ ಮುಂದಿನ ರಸ್ತೆ ಆವರಣವಲ್ಲ. ಹೊಲಕ್ಕೆ ಹೋಗುವ ದಾರಿ ಅದೊಂದೇ ಆಗಿದ್ದರೆ ಲೈಸೆನ್ಸುದಾರ ಬಂದೂಕಿನೊಂದಿಗೆ ಅಲ್ಲಿ ಹಾದುಹೋಗಬಹುದು. ಆದರೆ ಸಾರ್ವಜನಿಕ ಜಾಗದಲ್ಲಿ ಬಂದೂಕು ತಕ್ಕ ಚೀಲದಲ್ಲಿರಬೇಕು. ಅದನ್ನು ಝಳಪಿಸುವುದು, ಹಾರಿಸುವುದು ಎರಡಕ್ಕೂ 2016ರ ನಿಯಮಗಳು ಅವಕಾಶ ಕೊಡುವುದಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಖುಷಿಗೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ. ನನಗೆ ಕಾಣುವ ಕೊರತೆ ಇಷ್ಟೇ: ಕಾಂಪೌಂಡೇ ಇಲ್ಲದ ಹಳ್ಳಿಶಾಲೆಯಲ್ಲಿ ಆವರಣ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ತೋರಿಸುವ ಗೆರೆ ಸರ್ವೆ ನಕ್ಷೆಯಲ್ಲಿ ಮಾತ್ರ ಇರುತ್ತದೆ. ಅಂಥ ಕಡೆ ಒಂದು ಅಂತರವನ್ನು ಅಂಕಿಯಲ್ಲೇ ಹೇಳಿದ್ದರೆ ಮಾಸ್ತರರಿಗೂ ರೈತರಿಗೂ ಅನುಕೂಲವಾಗುತ್ತಿತ್ತು.

ಎನ್‌ಸಿಸಿ ಕೆಡೆಟ್‌ಗಳು ಶಾಲೆಯ ಆವರಣದಲ್ಲೇ ಆದರೂ ಕರ್ತವ್ಯದ ಮೇಲೆ ಹಿಡಿಯುವ ರೈಫಲ್‌ಗೆ ಆಯುಧ ಕಾಯ್ದೆ ಅನ್ವಯಿಸುವುದಿಲ್ಲ.

ಅಮೆರಿಕದ ಸಾವಿರ ಅಡಿ

ಅಂಕಿ ಬರೆದ ದೇಶವೂ ಇದೆ. ಅಮೆರಿಕ 1990ರಲ್ಲಿ ಶಾಲೆಯ ಸುತ್ತ 1,000 ಅಡಿ, ಅಂದರೆ ಸುಮಾರು 305 ಮೀಟರ್, ಬಂದೂಕು ನಿಷೇಧಿತ ವಲಯ ಎಂದು ಕಾನೂನು ಮಾಡಿತು. 1995ರಲ್ಲಿ ಲೋಪೆಝ್ ಎಂಬ ವಿದ್ಯಾರ್ಥಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ಹೊಡೆದುಹಾಕಿತು; ಇಂಥ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ ಎಂಬುದು ಕಾರಣ. ಮರುವರ್ಷ ತಿದ್ದುಪಡಿ ಮಾಡಿ ಅದನ್ನೇ ಮತ್ತೆ ತಂದರು. ಬಂದೂಕು ಇಟ್ಟುಕೊಳ್ಳುವುದು ಅಲ್ಲಿ ಸಂವಿಧಾನದ ಹಕ್ಕು, ಹಾಗಾಗಿ ಶಾಲೆಯ ಸುತ್ತ ಬೇಲಿ ಹಾಕಬೇಕಾಯಿತು. ನಮ್ಮಲ್ಲಿ ಅದು ಹಕ್ಕಲ್ಲ, ಸರ್ಕಾರ ಕೊಡುವ ಪರವಾನಗಿ.

ಲೈಸೆನ್ಸ್ ಪದ್ಧತಿಯ ಬೇರು

ಈ ಪರವಾನಗಿ ಪದ್ಧತಿ ಹುಟ್ಟಿದ್ದು ಜನರ ಸುರಕ್ಷತೆಗಾಗಿ ಅಲ್ಲ, ಬ್ರಿಟಿಷರಿಗಿದ್ದ ಭಯದಿಂದ. 1857ರ ದಂಗೆಯ ಹೊತ್ತಿಗೆ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬಿಲ್ಲು, ಬಂದೂಕು ಬದುಕಿನ ಸಾಧನ, ಅವರು ಕೊಡಲಿಲ್ಲ. ದಂಡು ಊರಿಗೆ ಬೆಂಕಿ ಇಟ್ಟಿತು. ಆ ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನು, ಹಲಗಲಿಯಲ್ಲಿ ಆರು ಮಂದಿಯನ್ನು ಗಲ್ಲಿಗೇರಿಸಿದರು. ಹಲಗಲಿ ಬೇಡರ ಲಾವಣಿ ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಸೇರಿರುವುದರಿಂದ, ಬಂದೂಕು ಬರಬಾರದ ಆವರಣದೊಳಗೇ ಮಕ್ಕಳು ಆಯುಧ ಕಸಿದ ಕಥೆ ಓದುತ್ತಾರೆ. ಮುಂದೆ 1878ರ ಆಯುಧ ಕಾಯ್ದೆ ಬಂತು. ಸ್ವತಂತ್ರ ಭಾರತದ 1959ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು.

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2029ರ ಅಕ್ಟೋಬರ್ ಕೊನೆಯವರೆಗೆ ಅದನ್ನು ವಿಸ್ತರಿಸಲಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಧಾರವಾಡ ಜಿಲ್ಲೆಯ ಯಾವ ಸಮುದಾಯಕ್ಕೂ ಇಂಥ ವಿನಾಯಿತಿ ಇಲ್ಲ.

ಕುಡುಗೋಲು, ಕೊಡಲಿ, ತಲವಾರ

ಸುಗ್ಗಿಯಲ್ಲಿ ಕುಡುಗೋಲು ಹಿಡಿದು ಶಾಲೆಯ ಮುಂದೆ ಹೋಗುವವರ ಮೇಲೆ ಯಾವ ಕೇಸೂ ಆಗುವುದಿಲ್ಲ. ಕೃಷಿಗೆ, ಮನೆಗೆಲಸಕ್ಕೆ ಮಾತ್ರ ಎಂದು ಮಾಡಿದ ವಸ್ತುವನ್ನು ಆಯುಧ ಕಾಯ್ದೆಯೇ ಆಯುಧವೆಂದು ಎಣಿಸುವುದಿಲ್ಲ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ತಲವಾರ, ಕಠಾರಿಗಳು ಮಾತ್ರ ನಿಯಮಗಳ ಪಟ್ಟಿಯಲ್ಲಿವೆ. ಅದೇ ಕುಡುಗೋಲಿನಿಂದ ಬೇಕೆಂದೇ ಯಾರಿಗಾದರೂ ಪೆಟ್ಟು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಮಿನಡಿ ಅದು ಅಪಾಯಕಾರಿ ಆಯುಧ.

ಶಾಲೆ ಮತಗಟ್ಟೆಯಾದ ದಿನ

ಹಳ್ಳಿಗಳಲ್ಲಿ ಮತಗಟ್ಟೆ ಎಂದರೆ ಹೆಚ್ಚಾಗಿ ಸರ್ಕಾರಿ ಶಾಲೆಯೇ. ಆ ದಿನ ಅದೇ ಕಟ್ಟಡಕ್ಕೆ ಇನ್ನೊಂದು ಕಾನೂನು ಹೊದಿಕೆ ಬೀಳುತ್ತದೆ: 1951ರ ಜನಪ್ರತಿನಿಧಿ ಕಾಯ್ದೆಯ 134-ಬಿ ಕಲಮಿನಂತೆ ಮತಗಟ್ಟೆಯ ಅಕ್ಕಪಕ್ಕ ಆಯುಧ ಹಿಡಿದು ಬಂದರೆ ಎರಡು ವರ್ಷದವರೆಗೆ ಸಜೆ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸುವ ರೂಢಿಯೂ ಇದೆ. ಹೊಲದಲ್ಲಿ ಬೆಳೆ ನಿಂತಿದ್ದರೆ ರೈತರು ಗೊಣಗುವುದು ಇದಕ್ಕೇ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ನಡೆಯುವಾಗ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಹೊರಡುತ್ತದೆ. ಹಿಂದೆ 144ನೇ ಕಲಂ ಎನ್ನುತ್ತಿದ್ದ ಅಧಿಕಾರ 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅಂತೂ ಮದ್ಯದಂಗಡಿಯ ಮಾತು ಬಿಟ್ಟರೆ, ಶಾಲೆಯ ಸುತ್ತ ಮೀಟರ್ ಲೆಕ್ಕ ಬರುವುದು ನಕಲು ತಡೆಯುವಾಗ.

ಬೇಟೆಗೆ ದೂರದ ಲೆಕ್ಕವೇ ಇಲ್ಲ

ಶಾಲೆಯಿಂದ ಎಷ್ಟು ದೂರದಲ್ಲಿ ಬೇಟೆಯಾಡಬಹುದು ಎಂದು ಕೇಳುವುದೇ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಒಂದನೇ ಮತ್ತು ಎರಡನೇ ಅನುಸೂಚಿಯ ಪ್ರಾಣಿಗಳ ಬೇಟೆಯನ್ನು ಎಲ್ಲೆಡೆ ನಿಷೇಧಿಸಿದೆ. ಕಾಡು, ಸ್ವಂತ ಹೊಲ, ಶಾಲೆಯ ಹಿತ್ತಲು ಎಂಬ ಭೇದ ಅಲ್ಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ನವಿಲು, ಚಿರತೆ, ಕೃಷ್ಣಮೃಗ, ಉಡ ಒಂದನೇ ಅನುಸೂಚಿಯಲ್ಲಿವೆ. ಕಾಡುಹಂದಿ, ಮೊಲ ಎರಡನೆಯದರಲ್ಲಿ. ಒಂದನೆಯದನ್ನು ಕೊಂದರೆ ಮೂರರಿಂದ ಏಳು ವರ್ಷ ಸಜೆ, ಕನಿಷ್ಠ 25,000 ರೂಪಾಯಿ ದಂಡ. ಎರಡನೆಯದಕ್ಕೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇಟೆಗೆ ಬಳಸಿದ ಬಂದೂಕಿನ ಲೈಸೆನ್ಸನ್ನು ಕೋರ್ಟ್ ರದ್ದು ಮಾಡಿ ಐದು ವರ್ಷ ಹೊಸದು ಸಿಗದಂತೆ ಆದೇಶಿಸಬಹುದು. ಹಬ್ಬದ ಬೇಟೆಗೂ ರಿಯಾಯಿತಿ ಇಲ್ಲ. ಕಾಯ್ದೆ ಬೇಟೆಯ ಹಕ್ಕು ಉಳಿಸಿಕೊಟ್ಟದ್ದು ದೂರದ ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ ಮಾತ್ರ.

ರೈತರು ಹೆಚ್ಚಾಗಿ ಎಡವುವುದು ಇಲ್ಲಿ. ಬೆಳೆ ರಕ್ಷಣೆಯ ಬಂದೂಕಿಗೆ ಲೈಸೆನ್ಸ್ ಇದೆ ಎಂದರೆ ಹಂದಿ ಕೊಲ್ಲಲು ಅನುಮತಿ ಇದೆ ಎಂದರ್ಥವಲ್ಲ. ಮೊದಲನೆಯದು ಜಿಲ್ಲಾಧಿಕಾರಿ ಕೊಡುವ ಕಾಗದ. ಎರಡನೆಯದಕ್ಕೆ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಪ್ರಾಣಿಯಿಂದ ಜೀವಕ್ಕೋ ನಿಂತ ಬೆಳೆಗೋ ಅಪಾಯವಿದೆ ಎಂದು ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಆ ಆದೇಶದಂತೆ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು, ಪಾಲು ಹಾಕಿಕೊಳ್ಳುವಂತಿಲ್ಲ. ಮೈಮೇಲೆ ಬಂದ ಪ್ರಾಣಿಯನ್ನು ಸದ್ಭಾವನೆಯಿಂದ, ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ.

ಇದೇ ಕಾಯ್ದೆಯಲ್ಲಿ ಒಂದು ದೂರದ ಲೆಕ್ಕ ಇದೆ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೂ ಈ ನಿಯಮ ಉಂಟು. ಹಕ್ಕಿಗಳಿಗೆ 10 ಕಿಲೋಮೀಟರ್, ಮಕ್ಕಳಿಗೆ ಕಾಂಪೌಂಡಿನವರೆಗೆ ಎಂದು ಯಾರಾದರೂ ಕುಟುಕಿದರೆ ಅದರಲ್ಲಿ ಅರ್ಧ ನಿಜವಿದೆ. ಶಾಲೆಯ ಮಗ್ಗುಲಲ್ಲಿ ಬಂದೂಕು ಹಾರಿಸಿ ಬೇಟೆಯಾಡುವವನ ಮೇಲೆ ಎರಡು ಕಾಯ್ದೆಯ ಕೇಸು ಬೀಳಬಹುದು. ಹತ್ತಿರ ಶಾಲೆ ಇತ್ತು ಎಂಬುದಕ್ಕಾಗಿ ವನ್ಯಜೀವಿ ಕಾಯ್ದೆಯ ಶಿಕ್ಷೆ ಮಾತ್ರ ಒಂದು ದಿನವೂ ಹೆಚ್ಚುವುದಿಲ್ಲ.

ಏರ್‌ಗನ್ ಮತ್ತು ಕವಣೆ

0.177 ಇಂಚಿನ ನಳಿಗೆ, 20 ಜೂಲ್ ಮೀರದ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಇವೆರಡರಲ್ಲಿ ಒಂದು ಮೀರಿದರೂ ಬೇಕು. ರಬ್ಬರ್ ಪಟ್ಟಿಯ ಕವಣೆಗಂತೂ ಯಾವ ಕಾಗದವೂ ಬೇಡ. ಆದರೆ ಅದರಿಂದ ಗಿಳಿ ಹೊಡೆದರೆ ಅದು ಬೇಟೆಯೇ. ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬಲೆ, ವಿಷ, ಉರುಳು, ಬೆನ್ನಟ್ಟುವುದು ಎಲ್ಲವೂ ಬೇಟೆ. ಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದು ಕೂಡ. ಬೇಸಿಗೆ ರಜೆಯಲ್ಲಿ ಹುಡುಗರು ಆಟವೆಂದುಕೊಂಡು ಮಾಡುವ ಎಷ್ಟೋ ಕೆಲಸ ಈ ವ್ಯಾಖ್ಯೆಯೊಳಗೆ ಬೀಳುತ್ತದೆ. 18 ತುಂಬದ ಹುಡುಗರ ವಿಚಾರಣೆ 2015ರ ಬಾಲನ್ಯಾಯ ಕಾಯ್ದೆಯಡಿ ನಡೆಯುತ್ತದೆ.

ಉರುಳು, ಸಿಡಿಮದ್ದು, ಕರೆಂಟ್ ತಂತಿ

ಕಾಡಂಚಿನ ಶಾಲೆಯ ಮಗುವಿಗೆ ಬಂದೂಕಿಗಿಂತ ಹತ್ತಿರದ ಅಪಾಯ ಹಂದಿಗೆಂದು ಒಡ್ಡುವ ಉರುಳು, ಸಿಡಿಮದ್ದು, ಕರೆಂಟ್ ತಂತಿ. ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳು ಬೇಲಿಯ ಸಂದಿಯಲ್ಲಿ, ಹಂದಿ ನುಸುಳುವ ಜಾಗದಲ್ಲಿ ಇರುತ್ತದೆ. ಹುಲ್ಲಿನಲ್ಲಿ ಅದರ ಕುಣಿಕೆ ಕಣ್ಣಿಗೆ ಬೀಳುವುದಿಲ್ಲ. ಸಿಡಿಮದ್ದು ನಿಂಬೆಹಣ್ಣಿನಷ್ಟು ದಪ್ಪದ, ದಾರ ಬಿಗಿದು ಸುತ್ತಿದ ಉಂಡೆ. ಹಂದಿ ಕಚ್ಚಲೆಂದು ತಿನಿಸು ಸವರಿ ಬದುವಿನಲ್ಲಿ ಬಿಟ್ಟಿರುತ್ತಾರೆ. ಮೇಯಲು ಹೋದ ಆಕಳು ಅದನ್ನು ಕಡಿದರೆ ದವಡೆಯೇ ಹಾರಿಹೋಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಸತ್ತದ್ದೂ ಇಂಥದೇ ಸ್ಫೋಟಕ ಕಚ್ಚಿ. ಚೆಂಡಿನಂತೆ ಕಾಣುವ ಉಂಡೆಯನ್ನು ಮಗು ಎತ್ತಿಕೊಂಡರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ವನ್ಯಜೀವಿ ಕಾಯ್ದೆಯ ಜೊತೆಗೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯೂ ಸಿಡಿಮದ್ದಿಗೆ ಅನ್ವಯಿಸುತ್ತದೆ.

ಬೇಲಿಯ ತಂತಿಗೆ ಕಂಬದಿಂದ ನೇರವಾಗಿ ಕರೆಂಟ್ ಕೊಡುವುದು ವಿದ್ಯುತ್ ಕಳವು; ಅದಕ್ಕೆ ಸಿಕ್ಕಿ ಮನುಷ್ಯ ಸತ್ತರೆ ಸಾವಿನ ಕೇಸೂ ಸೇರುತ್ತದೆ. ಸೋಲಾರ್ ಬೇಲಿ ಹಾಗಲ್ಲ. ಕ್ಷಣಕ್ಕೊಮ್ಮೆ ಬಡಿಯುವ ಅದರ ಪೆಟ್ಟು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಹಾನಿಯ ಫೋಟೊ, ಪಹಣಿ ಜೊತೆಗಿಟ್ಟು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ಶಾಲೆಯ ದಾರಿಯಲ್ಲಿ ಉರುಳೋ ಅನುಮಾನದ ಉಂಡೆಯೋ ಕಂಡರೆ ಮುಟ್ಟದೆ, ಕಲ್ಲು ಎಸೆಯದೆ, ಮಕ್ಕಳನ್ನು ಆ ಕಡೆ ಬಿಡದೆ ನಿಲ್ಲಿಸಿ 112ಕ್ಕೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಉರುಳನ್ನು ಕಿತ್ತು ತಂದು ಠಾಣೆಗೆ ಒಪ್ಪಿಸಬೇಡಿ. ಅದು ಇದ್ದ ಜಾಗದಲ್ಲೇ ಇದ್ದರೆ ಪಂಚನಾಮೆ ಗಟ್ಟಿಯಾಗುತ್ತದೆ.